ಒಂದು ಲಕ್ಷ ಮೈಲಿಯ ಪ್ಲಗ್ಗು

(ಶೋರ್‌ಲೈನ್‌ನಲ್ಲಿ ನಡೆದ ಕೂಟದ ಸಭೆಯಲ್ಲಿ ಓದಿದ ಉಪನ್ಯಾಸ)



ಕನ್ನಡ ಕೂಟದ ವೇದಿಕೆಯಿಂದ ಟ್ರಕ್ಕಿನ ಸ್ಪಾರ್ಕ್ ಪ್ಲಗ್ಗನ್ನು ಕುರಿತು ಮಾತನಾಡುವುದು ಕೆಲವರಿಗೆ ವಿಚಿತ್ರವಾಗಿ ಕಂಡೀತು. ಆದರೆ ಈ ವಸ್ತುವಿಗೂ ನಮಗೂ ಹಳೆಯ ನಂಟಿದೆ. 1951ರಲ್ಲಿ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ನಮ್ಮೆಲ್ಲರ ‘ಮೈಕೋ’, ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಲ್ಲಿ ಈ ಪ್ಲಗ್ಗುಗಳನ್ನು ತಯಾರಿಸುತ್ತಿತ್ತು. 2008ರಲ್ಲಿ ಆ ಸಂಸ್ಥೆ ಬಾಷ್ ಎಂಬ ಹೆಸರನ್ನು ತಳೆದರೂ ಮೈಕೋ ಲೇಔಟ್ ಎಂಬ ಹೆಸರು ಬೆಂಗಳೂರಿನಲ್ಲಿ ಉಳಿದೇ ಇದೆ.

ನಮ್ಮ ತಲೆಮಾರಿನ ಬಹುಮಂದಿ ಬಜಾಜ್ ಸ್ಕೂಟರಿನ ಮೇಲೆ ಯಂತ್ರವಿದ್ಯೆಯ ಅಕ್ಷರಾಭ್ಯಾಸ ಮಾಡಿದವರು. ಬೆಳಗಿನ ಹೊತ್ತು ಗಾಡಿ ಹೊರಡದಿದ್ದರೆ ಒಮ್ಮೆ ಓರೆ ಮಾಡಿ, ಹತ್ತು ಸಲ ಒದ್ದು, ಆಮೇಲೆ ಪ್ಲಗ್ಗನ್ನು ಬಿಚ್ಚುವುದು. ಉಪ್ಪುಕಾಗದದಿಂದ ಮಸಿಯನ್ನು ಉಜ್ಜಿ ಮತ್ತೆ ಕೂರಿಸುವುದು. ಐದು ನಿಮಿಷದ ಕೆಲಸ. ಆ ಕೈವಾಡಿಕೆಯನ್ನೇ ನೆಚ್ಚಿ ಇಲ್ಲಿ ಫೋರ್ಡ್ ಟ್ರಕ್ಕೊಂದರ ಮುಚ್ಚಳ ತೆರೆದವರಿಗೆ ಒದಗಬಹುದಾದ ತೊಂದರೆಯನ್ನು ವಿವರಿಸುವುದೇ ಈ ಉಪನ್ಯಾಸದ ಉದ್ದೇಶ.

ಹೇಳಹೊರಟಿರುವುದು ‘ಟ್ರೈಟನ್’ ಹೆಸರಿನ 5.4 ಲೀಟರಿನ, ಪ್ರತಿ ಸಿಲಿಂಡರಿಗೆ ಮೂರು ಕವಾಟಗಳುಳ್ಳ ವಿ-8 ಎಂಜಿನ್ನನ್ನು ಕುರಿತು. 2004ರಿಂದ 2008ರವರೆಗಿನ ಎಫ್-150 ಟ್ರಕ್ಕುಗಳಲ್ಲಿಯೂ ಅದೇ ಕಾಲದ ಎಕ್ಸ್‌ಪೆಡಿಷನ್, ನ್ಯಾವಿಗೇಟರ್ ವಾಹನಗಳಲ್ಲಿಯೂ ಇದು ಬಳಕೆಯಾಯಿತು. ಗಟ್ಟಿಮುಟ್ಟಾದ ಈ ಹಳೆಯ ಟ್ರಕ್ಕುಗಳು ಇಂದಿಗೂ ಕೈ ಬದಲಾಗುತ್ತಲೇ ಇವೆ. ರಾಜ್ಯೋತ್ಸವದ ವೇದಿಕೆಯ ಸಾಮಾನನ್ನೂ ಊಟದ ಪಾತ್ರೆಗಳನ್ನೂ ನಮಗೆ ಸಾಗಿಸಿಕೊಡುವ ಟ್ರಕ್ಕು ಕೂಡ ಇದೇ ಜಾತಿಯದು.

ಮಾಮೂಲಿ ಪ್ಲಗ್ಗಿನಲ್ಲಿ ತಿರುಪಿನ ಭಾಗ ಮುಗಿದೊಡನೆ ಕಿಡಿ ಹಾರುವ ತುದಿ ಬರುತ್ತದೆ. ಈ ಎಂಜಿನ್ನಿನಲ್ಲಿ ಹಾಗಲ್ಲ. ಕವಾಟಗಳ ನಡುವಣ ಇಕ್ಕಟ್ಟಾದ ಜಾಗದಲ್ಲಿ ಪ್ಲಗ್ಗು ಆಳಕ್ಕೆ ಇಳಿಯಬೇಕಾಗಿದ್ದುದರಿಂದ, ತಿರುಪಿನ ಕೆಳಗೆ ಉದ್ದನೆಯ ತೆಳು ಉಕ್ಕಿನ ಕೊಳವೆಯೊಂದನ್ನು ಇರಿಸಿದರು. ಕಿಡಿಯ ತುದಿ ಇರುವುದು ಈ ಕೊಳವೆಯ ಕೊನೆಯಲ್ಲಿ. ಕೊಳವೆಯೂ ಮೇಲಿನ ಭಾಗವೂ ಒಂದೇ ಲೋಹದ ತುಂಡಲ್ಲ. ಎರಡನ್ನೂ ಅಂಚು ಮಡಿಸಿ ಒತ್ತಿ ಜೋಡಿಸಿದ್ದಾರೆ. ಕೊಳವೆಗೂ ಅದರ ಸುತ್ತಣ ಅಲ್ಯೂಮಿನಿಯಂ ಗೋಡೆಗೂ ನಡುವೆ ಸಣ್ಣ ಸಂದು. ದಹನದ ಮಸಿ ಆ ಸಂದಿಗೆ ನುಗ್ಗಿ, ವರ್ಷಾನುಗಟ್ಟಲೆ ಬೆಂದು, ಗಾರೆಯಂತೆ ಗಟ್ಟಿಯಾಗುತ್ತದೆ. ಸ್ಪಾನರು ತಿರುಗಿಸಿದಾಗ ಮೇಲಿನ ಭಾಗ ತಿರುಗುತ್ತದೆ, ಕೊಳವೆ ತಿರುಗುವುದಿಲ್ಲ. ಜೋಡಣೆ ಬಿಟ್ಟುಕೊಳ್ಳುತ್ತದೆ. ಮೇಲಿನ ತುಂಡು ಕೈಗೆ ಬರುತ್ತದೆ, ಕೊಳವೆ ಒಳಗೇ ಉಳಿಯುತ್ತದೆ. ಕೆಲವೊಮ್ಮೆ ಪಿಂಗಾಣಿಯೂ ಮುರಿದು ಅದರೊಳಗೆ ಕೂರುತ್ತದೆ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ನಮ್ಮ ಸ್ಕೂಟರಿನ ಪ್ಲಗ್ಗು ತಿಂಗಳಿಗೊಮ್ಮೆಯಾದರೂ ಹೊರಬರುತ್ತಿತ್ತು; ಹೀಗಾಗಿ ಕಚ್ಚಿಕೊಳ್ಳಲು ಅದಕ್ಕೆ ಪುರಸೊತ್ತೇ ಇರಲಿಲ್ಲ. ಈ ಟ್ರಕ್ಕಿನ ಪ್ಲಗ್ಗನ್ನು 1,00,000 ಮೈಲಿಗೊಮ್ಮೆ ಬದಲಿಸಿದರೆ ಸಾಕೆಂದು ತಯಾರಕರ ಕೈಪಿಡಿ ಹೇಳಿತು. ದೀರ್ಘಾಯುಷ್ಯದ ಈ ವರವೇ ಮಸಿಗೆ ಬೇಕಾದ ಕಾಲಾವಕಾಶವನ್ನು ಒದಗಿಸಿತು. ಮುರಿದ ಪ್ಲಗ್ಗುಗಳ ವೆಚ್ಚವನ್ನು ಕುರಿತು ಮಾಲೀಕರು ಹೂಡಿದ ಮೊಕದ್ದಮೆಗಳು ಮುಂದೆ ಒಹಾಯೊದ ಫೆಡರಲ್ ನ್ಯಾಯಾಲಯದಲ್ಲಿ ಒಟ್ಟುಗೂಡಿದವು. ಆದ್ದರಿಂದ ಮುರಿದಾಗ ತಮ್ಮ ಕೈಯನ್ನೇ ಹಳಿದುಕೊಳ್ಳುವ ಅಗತ್ಯ ಎಲ್ಲರಿಗೂ ಇಲ್ಲ. ನಮ್ಮ ಮಟ್ಟಿಗೆ ಮಾತ್ರ ಇದೆ. ಅದನ್ನು ಮುಂದೆ ಹೇಳುತ್ತೇವೆ.

2008ರಲ್ಲಿ ಫೋರ್ಡ್ ತನ್ನ ತಂತ್ರಜ್ಞರಿಗೆ ಒಂದು ಕ್ರಮವನ್ನು ಬರೆದು ಕಳಿಸಿತು. ಎಂಜಿನ್ನು ಪೂರ್ತಿ ತಣ್ಣಗಾಗಿರಬೇಕು. ಕಾಯಿಲುಗಳನ್ನು ತೆಗೆದು, ಕುಳಿಯೊಳಗಿನ ಧೂಳನ್ನು ಗಾಳಿಯಿಂದ ಊದಿ ಹೊರಹಾಕಬೇಕು. ಬಳಿಕ ಪ್ಲಗ್ಗನ್ನು ಒಂದು ಸುತ್ತಿನ ಎಂಟನೆಯ ಒಂದು ಭಾಗದಷ್ಟು ಮಾತ್ರ ಸಡಿಲಿಸಿ ಅಲ್ಲಿಗೇ ನಿಲ್ಲಿಸಬೇಕು. ಕುಳಿಗೆ ಅರ್ಧ ಟೀ ಚಮಚಕ್ಕಿಂತ ತುಸು ಹೆಚ್ಚು ಕಾರ್ಬುರೇಟರ್ ಕ್ಲೀನರನ್ನು ಬಿಡಬೇಕು. ಹೆಚ್ಚು ಸುರಿಯಬಾರದು, ಸಿಲಿಂಡರಿನೊಳಗೆ ದ್ರವ ತುಂಬಿದರೆ ಪಿಸ್ಟನ್ನು ಅದನ್ನು ಒತ್ತಲಾರದೆ ಎಂಜಿನ್ನಿಗೇ ಧಕ್ಕೆಯಾದೀತು. ಈ ದ್ರವ ಬೆಂಕಿಗೆ ಹತ್ತುವಂಥದು ಎಂಬುದನ್ನೂ ಮರೆಯಬಾರದು. ಹೀಗೆ ಕನಿಷ್ಠ 15 ನಿಮಿಷ ನೆನೆಯಬೇಕು. ಆನಂತರ ಪ್ಲಗ್ಗನ್ನು ತುಸು ಬಿಗಿಮಾಡಿ, ತುಸು ಸಡಿಲಿಸಿ, ಮತ್ತೆ ಬಿಗಿಮಾಡಿ, ಹಿಂದಕ್ಕೂ ಮುಂದಕ್ಕೂ ಆಡಿಸುತ್ತ ಬರಬೇಕು. ಕಿರ್ರೆಂಬ ಸದ್ದು ಬರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಹಾಕುವ ಬಲ ಸುಮಾರು 33 ಪೌಂಡ್-ಅಡಿಯನ್ನು ಮೀರದಿರಲಿ. ಬಿಗಿ ಕಡಿಮೆಯಾಗದಿದ್ದರೆ ಮತ್ತೆ ದ್ರವ ಬಿಟ್ಟು ಮತ್ತೆ ಕಾಯಬೇಕು. ಗಾಳಿಯಿಂದ ನಡೆಯುವ ಸ್ಪಾನರನ್ನು ಇಲ್ಲಿ ಬಳಸಲೇಬಾರದು.

ಎಂಜಿನ್ನು ಬೆಚ್ಚಗಿದ್ದರೆ ಲೇಸು ಎನ್ನುವ ಮೆಕ್ಯಾನಿಕ್ಕುಗಳೂ ಇದ್ದಾರೆ. ಅವರು ಅನುಭವಸ್ಥರೇ. ಆದರೂ ಮನೆಯಂಗಳದಲ್ಲಿ ಮೊದಲ ಬಾರಿ ಕೈಹಾಕುವವರು ಬಿಸಿ ಅಲ್ಯೂಮಿನಿಯಂನಲ್ಲಿ ತಿರುಪನ್ನು ಕೆಡಿಸಿಕೊಳ್ಳುವ ಅಪಾಯಕ್ಕೆ ಹೋಗದಿರುವುದೇ ಕ್ಷೇಮವೆಂದು ನಮ್ಮ ಅಭಿಪ್ರಾಯ.

ಈಗ ನಮ್ಮ ಕಥೆ. ಮೇಲೆ ಹೇಳಿದ ಟ್ರಕ್ಕಿನ ಮಾಲೀಕರ ಮಗ ಅದನ್ನು ಪುಲ್‌ಮನ್‌ನ ವಿಶ್ವವಿದ್ಯಾನಿಲಯಕ್ಕೆ ಒಯ್ಯುವವನಿದ್ದ. ಎರಡು ವಾರದಿಂದ ಎಂಜಿನ್ನು ನಡುಗುತ್ತಿತ್ತು. ಒಮ್ಮೆ ಎಚ್ಚರಿಕೆಯ ದೀಪ ಮಿನುಗಿತ್ತು ಕೂಡ. ಆ ದೀಪ ಸ್ಥಿರವಾಗಿ ಉರಿಯುವುದು ಬೇರೆ, ಮಿನುಗುವುದು ಬೇರೆ. ಮಿನುಗಿದರೆ ಉರಿಯದ ಪೆಟ್ರೋಲು ಹೊಗೆ ಶುದ್ಧಿಯ ಯಂತ್ರಕ್ಕೆ ಹೋಗಿ ಅದನ್ನು ಸುಡುತ್ತಿದೆಯೆಂದು ಅರ್ಥ. ಅಂಥ ಗಾಡಿಯಲ್ಲಿ ಚಳಿಗಾಲದ ಸ್ನೋಕ್ವಾಲ್ಮಿ ಕಣಿವೆಯನ್ನು ಹುಡುಗ ಒಬ್ಬನೇ ದಾಟುವುದು ತಾಯಿಗೆ ಒಪ್ಪಿಗೆಯಿರಲಿಲ್ಲ. ಒಂದು ಶನಿವಾರ ನಾವು ಮೂವರು ಸೇರಿದೆವು. ಏಳು ಪ್ಲಗ್ಗುಗಳು ಇಡಿಯಾಗಿ ಬಂದವು. ಎಂಟನೆಯದು ಹಿಂಬದಿಯದು, ಕೈ ಸುಲಭವಾಗಿ ಹೋಗದ ಜಾಗ. ಮಳೆ ಹನಿಯತೊಡಗಿತ್ತು, ಒಳಗಿನಿಂದ ಊಟಕ್ಕೆ ಕರೆಯೂ ಬಂದಿತ್ತು. ಹದಿನೈದು ನಿಮಿಷ ಕಾಯಬೇಕಾದಲ್ಲಿ ಐದೇ ನಿಮಿಷ ಕಾದೆವು. ಟಪ್ಪೆಂದಿತು.

ಮುರಿದ ಮೇಲೆ ಎಂಜಿನ್ನನ್ನು ತಿರುಗಿಸಲೇಬಾರದು. ಪಿಂಗಾಣಿಯ ಚೂರು ಒಳಗೆ ಬಿದ್ದರೆ ಸಿಲಿಂಡರಿನ ಗೋಡೆಯನ್ನು ಗೀರುತ್ತದೆ. ಕೊಳವೆಯನ್ನು ತೆಗೆಯಲೆಂದೇ ಮಾಡಿದ ಉಪಕರಣಗಳಿವೆ. ಲೈಲ್ ಕಂಪನಿಯದು ಹೆಸರಾದದ್ದು. ಮೊದಲು ಒಳಗುಳಿದ ಪಿಂಗಾಣಿಯನ್ನು ಕೊಳವೆಯಲ್ಲೇ ತುಸು ಕೆಳಕ್ಕೆ ತಳ್ಳಿ, ಕೊಳವೆಯ ಒಳಮೈಗೆ ತಿರುಪು ಕೊರೆದು, ಅದಕ್ಕೆ ಸರಳನ್ನು ಸಿಕ್ಕಿಸಿ ನೇರ ಮೇಲಕ್ಕೆ ಎಳೆಯುವ ಏರ್ಪಾಡು ಅದು. ಕೊರೆಯುವ ಮೊನೆಗೆ ಗ್ರೀಸ್ ದಟ್ಟವಾಗಿ ಹಚ್ಚಿದರೆ ಲೋಹದ ಪುಡಿ ಅದಕ್ಕೆ ಅಂಟಿಕೊಳ್ಳುತ್ತದೆ. ಬಿಡಿಭಾಗಗಳ ಅಂಗಡಿಗಳಲ್ಲಿ ಇಂಥ ಉಪಕರಣಗಳನ್ನು ಠೇವಣಿ ಪಡೆದು ಎರವಲು ಕೊಡುವ ಪದ್ಧತಿಯಿದೆ, ವಿಚಾರಿಸಬಹುದು. ನಮಗೆ ಕೊಳವೆ ಹೊರಬರುವ ಹೊತ್ತಿಗೆ ಕತ್ತಲಾಗಿತ್ತು, ಬಿಸಿಬೇಳೆಬಾತು ತಣ್ಣಗಾಗಿತ್ತು. ಇದೂ ಸೋತರೆ ಸಿಲಿಂಡರಿನ ತಲೆಯನ್ನೇ ಬಿಚ್ಚಬೇಕಾಗುತ್ತದೆ. ಅದು ಅಂಗಳದ ಕೆಲಸವಲ್ಲ.

ಹೊಸ ಪ್ಲಗ್ಗು ಕೊಳ್ಳುವಾಗ ಒಂದೇ ತುಂಡಿನಲ್ಲಿ ಮಾಡಿದ್ದನ್ನು ಕೇಳಿ ಪಡೆಯುವುದು ಒಳ್ಳೆಯದು. ಬೇರೆ ತಯಾರಕರು ಅಂಥದನ್ನು ಮಾರುಕಟ್ಟೆಗೆ ತಂದಿದ್ದಾರೆ. ಕೂರಿಸುವ ಮುನ್ನ ಕೊಳವೆಯ ಹೊರಮೈಗೆ ಮಾತ್ರ, ಅಧಿಕ ತಾಪ ತಡೆಯುವ ನಿಕ್ಕಲ್ ಲೇಪವನ್ನು ತೆಳುವಾಗಿ ಹಚ್ಚಬೇಕು. ಕಿಡಿಯ ತುದಿಗೆ ತಾಗಬಾರದು. ಬಿಗಿತ 25 ಪೌಂಡ್-ಅಡಿ. ಮುಂದಿನ ಸಲ ಲಕ್ಷ ಮೈಲಿಯವರೆಗೆ ಕಾಯದೆ ಅರ್ಧದಲ್ಲೇ ಒಮ್ಮೆ ತೆಗೆದು ನೋಡುವುದು ಲೇಸು.

ಹಳೆಯ ಟ್ರಕ್ಕು ಕೊಳ್ಳುವವರು ಪ್ಲಗ್ಗು ಬದಲಿಸಿದ ರಸೀದಿಯನ್ನು ಕೇಳಿ ನೋಡಲಿ. ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವ ತಯಾರಿಕೆಯ ತಿಂಗಳನ್ನೂ ಓದಲಿ, ಏಕೆಂದರೆ ಮುಂದಿನ ಎಂಜಿನ್ನುಗಳಿಗೆ ಬೇರೆ ವಿನ್ಯಾಸದ ಪ್ಲಗ್ಗು ಬಂದಿತು. ಕೆಲಸವನ್ನು ವರ್ಕ್‌ಶಾಪಿಗೆ ಒಪ್ಪಿಸುವವರು ಒಂದು ಪ್ಲಗ್ಗು ಮುರಿದರೆ ಹೆಚ್ಚುವರಿ ಎಷ್ಟು, ಅದನ್ನು ಯಾರು ತೆರಬೇಕು ಎಂಬುದನ್ನು ಕೀಲಿಕೈ ಕೊಡುವ ಮೊದಲೇ ಬರೆಯಿಸಿಕೊಳ್ಳಲಿ. ಹುಡುಗ ಮರುವಾರ ಪುಲ್‌ಮನ್ ತಲುಪಿ ಫೋನು ಮಾಡಿದ.