ಮದ್ದೂರು ಗೇಟಿನ ಈಚೆ ಕಡೆ

ಮದ್ದೂರು ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಮಂಡ್ಯ ಜಿಲ್ಲೆಯ ವಡೆಯ ಊರು. ಇದು ಬೇರೆ ಮದ್ದೂರು. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಬಂಡೀಪುರದ ಕಾಡನ್ನು ಹೊಗುವಲ್ಲಿ ಇದೆ. ಊರು ದಾಟಿದರೆ ಚೆಕ್‌ಪೋಸ್ಟು, ಅದರಾಚೆ ಹುಲಿ ಸಂರಕ್ಷಿತ ಪ್ರದೇಶದ ಮದ್ದೂರು ವಲಯ. ಮುಂಗಾರು ಹಿಡಿದಾಗ ಈ ರಸ್ತೆಯ ಆಜುಬಾಜು ಚೆಂಡುಹೂ, ಸೂರ್ಯಕಾಂತಿ ಹೊಲಗಳು. ಕೇರಳದವರು ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುವ ಜಾಗ. ನಾನು ಇಳಿದದ್ದು ಹೂವಿನ ಕಾಲವಲ್ಲ. ನೆಲ ಒಣಗಿತ್ತು.

ಚೆಕ್‌ಪೋಸ್ಟಿಗಿಂತ ಸ್ವಲ್ಪ ಹಿಂದಿರುವ ಒಂದು ಟೀ ಅಂಗಡಿಯಲ್ಲಿ ಕೂತೆ. ಬಿಸ್ಕತ್ತಿನ ಗಾಜಿನ ಜಾಡಿಗಳ ಮುಚ್ಚಳವನ್ನು ಅಂಗಡಿಯವರು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಬಟ್ಟೆ ಬೂದಿ ಬಣ್ಣಕ್ಕೆ ತಿರುಗಿತ್ತು. "ಬೆಳಿಗ್ಗಿಂದ ನಾಕ್ ಸಲ ಒರ್ಸಿವ್ನಿ ಸಾ" ಎಂದರು. ಅಷ್ಟರಲ್ಲೇ ಜಲ್ಲಿ ಹೊತ್ತ ಟಿಪ್ಪರೊಂದು ಕೇರಳದ ಕಡೆಗೆ ಹೋಯಿತು. ಟಾರ್ಪಾಲಿನ ಒಂದು ಮೂಲೆ ಬಿಚ್ಚಿಕೊಂಡು ಪಟಪಟ ಬಡಿಯುತ್ತಿತ್ತು. ಅವರು ಬಟ್ಟೆ ಹಿಂಡಿ ಮತ್ತೆ ಮೊದಲ ಜಾಡಿಯಿಂದ ಶುರು ಮಾಡಿದರು.

ಈ ಜಲ್ಲಿ ಮದ್ದೂರಿನದಲ್ಲ. ಕಾಡಿನಂಚಿನಲ್ಲಿ ಕಲ್ಲು ಒಡೆಯುವಂತಿಲ್ಲ. 2012ರಲ್ಲಿ ಕೇಂದ್ರ ಸರ್ಕಾರ ಬಂಡೀಪುರದ ಸುತ್ತ ಪರಿಸರ ಸೂಕ್ಷ್ಮ ವಲಯ ಘೋಷಿಸಿತು. ನೂರಕ್ಕೂ ಹೆಚ್ಚು ಹಳ್ಳಿಗಳು ಅದರೊಳಗೆ ಬಂದವು. ವಾಣಿಜ್ಯ ಗಣಿಗಾರಿಕೆ, ಕ್ರಷರ್, ಹೊಗೆ ಉಗುಳುವ ಕಾರ್ಖಾನೆ ಅಲ್ಲಿಗೆ ಬರುವಂತಿಲ್ಲ. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳ ಒಳಗೂ ಅವುಗಳ ಗಡಿಯಿಂದ 1 ಕಿ.ಮೀ. ವರೆಗೂ ಗಣಿಗಾರಿಕೆ ಸಲ್ಲದೆಂದು ಹೇಳಿದೆ. ಈ ಗೆರೆ ಬೇಕೇ ಬೇಕು. ಅದಿಲ್ಲದಿದ್ದರೆ ಇಲ್ಲಿ ಕಾಡು ಉಳಿಯುತ್ತಿರಲಿಲ್ಲ.

ಆದರೆ ಗೆರೆಯ ಆಚೆ ಇರುವವರ ಪಾಡೇನು? ಇದೇ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯಲ್ಲಿ 2022ರ ಮಾರ್ಚ್‌ನಲ್ಲಿ ಕಲ್ಲು ಗಣಿಯ ಗುಡ್ಡ ಕುಸಿದು ಹೊಟ್ಟೆಪಾಡಿಗೆ ಬಂದ ಕಾರ್ಮಿಕರು ಸತ್ತರು. ಅದಕ್ಕಿಂತ ನಿಧಾನವಾದದ್ದು ದೂಳು. ಎಲೆಯ ಮೇಲೆ, ಕಣದ ಮೇಲೆ, ನೀರಿನ ತೊಟ್ಟಿಯ ಮೇಲೆ ಕೂರುವ ದೂಳು ಯಾವ ದಿನದ ಸುದ್ದಿಯೂ ಆಗುವುದಿಲ್ಲ.

ಕಲ್ಲು ಗಣಿಗೆ ಅನುಮತಿ ಹೇಗೆ ಸಿಗುತ್ತದೆ ನೋಡಿ. ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಕೊಟ್ಟ ತೀರ್ಪಿನ ನಂತರ 5 ಹೆಕ್ಟೇರ್‌ಗಿಂತ ಚಿಕ್ಕ ಗಣಿಗೂ ಪರಿಸರ ಅನುಮತಿ ಕಡ್ಡಾಯವಾಯಿತು. ಆದರೆ ಸುತ್ತ ಬೇರೆ ಗಣಿಗಳ ಗುಂಪಿಲ್ಲದ ಅಂಥ ಒಂಟಿ ಗಣಿಗೆ ಸಾರ್ವಜನಿಕ ಅಹವಾಲು ಸಭೆ ಬೇಕಿಲ್ಲ. ಊರವರಿಗೆ ವಿಷಯ ತಿಳಿಯುವುದು ಮೊದಲ ಸಿಡಿತ ಕೇಳಿದಾಗ.

ದೊಡ್ಡ ಯೋಜನೆಗಳಿಗೆ ಸಭೆ ಇದೆ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯಂತೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿ ಮಟ್ಟಕ್ಕಿಂತ ಕಡಿಮೆಯಿಲ್ಲದ ಅಧಿಕಾರಿ ಸಭೆ ನಡೆಸಬೇಕು, ಎಲ್ಲವೂ ವಿಡಿಯೊ ಆಗಬೇಕು. ಚೆನ್ನಾಗಿದೆ. ಆದರೆ ಇಷ್ಟೇ ಜನ ಬರಬೇಕೆಂಬ ನಿಯಮವಿಲ್ಲ. ಕನ್ನಡದಲ್ಲಿ ಕೊಡಬೇಕಾದದ್ದು ಪರಿಸರ ಪರಿಣಾಮ ವರದಿಯ ಸಾರಾಂಶ ಮಾತ್ರ. ಬೋರ್‌ವೆಲ್ ನೀರಿನ ಲೆಕ್ಕ, ಗಾಳಿ ಯಾವ ಕಡೆ ಬೀಸುತ್ತದೆ ಎಂಬ ಲೆಕ್ಕ ಇಂಗ್ಲಿಷಿನ ನೂರಾರು ಪುಟಗಳಲ್ಲಿ ಉಳಿಯುತ್ತವೆ. ತನ್ನ ಹೊಲದ ಗಾಳಿಯ ದಿಕ್ಕನ್ನು ರೈತ ಅಜ್ಜನ ಕಾಲದಿಂದ ಬಲ್ಲ. ಅದನ್ನು ವರದಿ ತಪ್ಪಾಗಿ ಬರೆದಿದ್ದರೆ ತಪ್ಪೆಂದು ತೋರಿಸಲು ಅವನಿಗೆ ದಾರಿಯಿಲ್ಲ. ಈ ಒಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ.

ಮಂಡಳಿ ಕೈಗಾರಿಕೆಗಳನ್ನು ಕೆಂಪು, ಕಿತ್ತಳೆ, ಹಸಿರು, ಬಿಳಿ ಮುಂತಾಗಿ ಬಣ್ಣ ಹಚ್ಚಿ ವಿಂಗಡಿಸುತ್ತದೆ. 2016ರ ಕೇಂದ್ರ ಮಂಡಳಿಯ ಸೂತ್ರದಲ್ಲಿ ನೀರಿಗೆ 40 ಅಂಕ, ಗಾಳಿಗೆ 40, ಅಪಾಯಕಾರಿ ತ್ಯಾಜ್ಯಕ್ಕೆ 20 ಇದ್ದವು. ನೂರು ಅಂಕವೂ ಅಲ್ಲಿಗೇ ಮುಗಿಯಿತು. ಪಕ್ಕದಲ್ಲಿ ಯಾರಿದ್ದಾರೆ, ಅವರು ಈಗಾಗಲೇ ಎಷ್ಟು ಹೊಗೆ ಕುಡಿಯುತ್ತಿದ್ದಾರೆ, ಕಾಯಿಲೆಯಾದರೆ ಆಸ್ಪತ್ರೆಗೆ ಹೋಗುವ ಶಕ್ತಿ ಇದೆಯೇ ಎಂಬುದಕ್ಕೆ ಒಂದು ಅಂಕವೂ ಇರಲಿಲ್ಲ.

ಇದನ್ನು ಎಣಿಸಲು ಬರುವುದಿಲ್ಲವೆಂದಲ್ಲ. ಅಮೆರಿಕದ ನ್ಯೂಜೆರ್ಸಿ ರಾಜ್ಯ 2020ರಲ್ಲಿ ಕಾಯ್ದೆ ಮಾಡಿ, 2023ರಲ್ಲಿ ನಿಯಮ ತಂದು ಎಣಿಸುತ್ತಿದೆ. ಒಂದು ಬಡಾವಣೆಯಲ್ಲಿ ಬಡ ಕುಟುಂಬಗಳು ಶೇ 35ರಷ್ಟು ಇದ್ದರೆ, ಅಥವಾ ಅಲ್ಪಸಂಖ್ಯಾತ ಜನಾಂಗದವರು ಶೇ 40ರಷ್ಟು ಇದ್ದರೆ, ಅಥವಾ ಇಂಗ್ಲಿಷ್ ಸರಿಯಾಗಿ ಬಾರದ ಮನೆಗಳು ಶೇ 40ರಷ್ಟು ಇದ್ದರೆ ಅದು ಹೊರೆ ಹೊತ್ತ ಬಡಾವಣೆ. ಅಲ್ಲಿ ಕಸ ಸುಡುವ ಘಟಕವನ್ನೋ ದೊಡ್ಡ ವಿದ್ಯುತ್ ಸ್ಥಾವರವನ್ನೋ ಹೊಸದಾಗಿ ಹಾಕಬೇಕೆಂದರೆ ಈಗಾಗಲೇ ಇರುವ ಹೊರೆಯನ್ನೂ ಕೂಡಿಸಿ ನೋಡಬೇಕು. ಬೇರೆ ಕಡೆಗಿಂತ ಹೆಚ್ಚಾಯಿತೆಂದರೆ ಅನುಮತಿ ನಿರಾಕರಿಸಲೇಬೇಕು. ಆ ಜನರಿಗೇ ಅತ್ಯಗತ್ಯವಾದ ಸೌಲಭ್ಯವಾದರೆ ಮಾತ್ರ ವಿನಾಯಿತಿ.

ದೂರದ ಮಾತೇಕೆ, ನಮ್ಮ ಜಿಲ್ಲೆಯಲ್ಲೇ ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಸಮುದಾಯ ಅರಣ್ಯ ಹಕ್ಕು ಪಡೆದರು. ಅರಣ್ಯ ಭೂಮಿಯನ್ನು ಬೇರೆ ಕೆಲಸಕ್ಕೆ ಕೊಡುವಾಗ ಗ್ರಾಮಸಭೆಯ ಮಾತಿಗೆ ಎಷ್ಟು ತೂಕವಿದೆಯೆಂದು 2013ರಲ್ಲಿ ಒಡಿಶಾದ ನಿಯಮಗಿರಿಯ ಹನ್ನೆರಡು ಗ್ರಾಮಸಭೆಗಳು ಗಣಿ ಬೇಡವೆಂದು ಹೇಳಿ ತೋರಿಸಿಕೊಟ್ಟವು. ಗುಂಡ್ಲುಪೇಟೆ ತಾಲ್ಲೂಕಿನ ಕಂದಾಯ ಜಮೀನಿನ ಪಕ್ಕ ಬದುಕುವ ಕೂಲಿಯವರಿಗೆ, ಕಾಡಿನಿಂದ ಹೊರಬಂದು ಕಾಲೊನಿಗಳಲ್ಲಿ ನೆಲೆಸಿದ ಜೇನುಕುರುಬರಿಗೆ ಆ ತೂಕ ಇಲ್ಲ. ಅರಣ್ಯದ ಗಡಿ ಮುಗಿದಲ್ಲಿ ಅವರ ಗ್ರಾಮಸಭೆಯ ಮಾತೂ ಮುಗಿಯುತ್ತದೆ. ಗಣಿ ಅರ್ಜಿಯ ಕಡತದಲ್ಲಿ ಕಾಡಿಗೆಷ್ಟು ದೂರ ಎಂಬ ಸಾಲಿನ ಕೆಳಗೆ, ಹತ್ತಿರದ ಮನೆಗಳಲ್ಲಿ ಯಾರಿದ್ದಾರೆ, ಈಗಾಗಲೇ ಎಷ್ಟು ಕ್ರಷರ್‌ಗಳ ದೂಳು ಅವರ ಮೇಲೆ ಬೀಳುತ್ತಿದೆ ಎಂಬ ಸಾಲೂ ಇರಲಿ. ಬೆಂಗಳೂರಿನಲ್ಲಿ ಕೂತ ಅಧಿಕಾರಿಗಳಿಗೆ ಅದೇನೂ ಕಷ್ಟದ ಕೆಲಸವಲ್ಲ.

ಕತ್ತಲಾಯಿತು. 2009ರಿಂದ ಈ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ವಾಹನ ಸಂಚಾರಕ್ಕೆ ನಿರ್ಬಂಧವಿದೆ, ಪ್ರಾಣಿಗಳು ಚಕ್ರಕ್ಕೆ ಸಿಕ್ಕಿ ಸಾಯಬಾರದೆಂದು. ಒಂಬತ್ತಕ್ಕೆ ಗೇಟು ಬಿತ್ತು. ಗೇಟಿನಾಚೆ ಕಾಡು ಒಮ್ಮೆಲೇ ಮೌನವಾಯಿತು. ತಡವಾಗಿ ಬಂದ ಎರಡು ಟಿಪ್ಪರ್‌ಗಳು ಈಚೆ ಕಡೆ ಅಂಗಡಿಯ ಮುಂದೆ ನಿಂತವು. ಅಂಗಡಿಯವರು ಜಾಡಿಗಳನ್ನು ಒಳಗೆ ತೆಗೆದಿಟ್ಟು, ಮೇಲೆ ಒಂದು ಹಳೇ ಪಂಚೆ ಹೊದಿಸಿದರು.