ಹಸಿರು ದೀಪವನ್ನು ನಂಬಿದ್ದೇ ತಪ್ಪಾಯ್ತು

ಕೊಯ್ಲು ಮುಗಿದ ಮೇಲೆ ಬ್ರಹ್ಮಾವರದ ಸುತ್ತಮುತ್ತಲಿನ ಗದ್ದೆಗಳೇ ನಮ್ಮ ವಿಮಾನ ನಿಲ್ದಾಣ. ಫೋಮ್ ಶೀಟ್ ಕತ್ತರಿಸಿ, ಗಮ್ ಹಚ್ಚಿ, ಮೋಟಾರು ಕೂರಿಸಿ ನಾನೂ ಗೆಳೆಯರೂ ಕಟ್ಟಿದ ಪುಟ್ಟ ವಿಮಾನ ಹೋದ ವರ್ಷ ಮೊದಲ ಬಾರಿಗೆ ಹಾರಿದ್ದು ಅಲ್ಲೇ. ಮೋಟಾರು, ರಿಮೋಟು, ಬ್ಯಾಟರಿಗಳನ್ನು ವಾರಗಟ್ಟಲೆ ವಿಚಾರಿಸಿ ಕೊಂಡಿದ್ದೆವು. ಚಾರ್ಜರ್ ಮಾತ್ರ ಕೊನೆಗೆ ಉಳಿದ ದುಡ್ಡಿನಲ್ಲಿ ತರಿಸಿದ್ದು. ಆನ್‌ಲೈನ್‌ನಲ್ಲಿ ಕಂಡದ್ದರಲ್ಲಿ ಅದೇ ಅಗ್ಗ. ನಾಲ್ಕೂವರೆ ಸ್ಟಾರ್ ಬೇರೆ ಇತ್ತು!

ಪಾರ್ಸೆಲ್ ಬಂದಾಗ ಇಂಟರ್ನಲ್ಸ್ ನಡೆಯುತ್ತಿತ್ತು. ಪೆಟ್ಟಿಗೆ ತೆರೆದದ್ದು ಹನ್ನೊಂದನೇ ದಿನ. ಚಾರ್ಜಿಗೆ ಹಾಕಿ ಓದಲು ಕುಳಿತೆ. ಕೆಂಪು ದೀಪ ಹಸಿರಾಯಿತು. ‘ಫುಲ್ ಆಯ್ತು, ಆಮೇಲೆ ತೆಗೆದರಾಯಿತು’ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಅಮ್ಮನ ಕೂಗು: “ಮಗಾ, ಇದೆಂತ ಹೊಟ್ಟಿ ಉಬ್ಬರ್ಸ್ಕಂಡ್ ಕೂತಿತ್?”

ಬ್ಯಾಟರಿ ನಿಜಕ್ಕೂ ಉಬ್ಬಿತ್ತು. ಮುಟ್ಟಿದರೆ ಬಿಸಿ. ಪ್ಲಗ್ ಕಿತ್ತು, ಅಂಗಳದ ಮೂಲೆಯಲ್ಲಿದ್ದ ಹೊಯ್ಗೆ ರಾಶಿಯ ಮೇಲಿಟ್ಟು ದೂರ ನಿಂತೆ. ನಮ್ಮದು ಹಂಚಿನ ಮನೆ, ಮಾಡಿಗೆಲ್ಲ ಮರದ ಪಕಾಸಿ. ಅಮ್ಮ ಕೇಳಿದ್ದು ಒಂದೇ ಮಾತು: “ಹೊತ್ಕಂಡಿದ್ರೆ ಮನಿ ಕಥಿ ಎಂತ?” ನನ್ನಲ್ಲಿ ಉತ್ತರವಿರಲಿಲ್ಲ.

ಮರುದಿನ ಮಲ್ಟಿಮೀಟರ್ ಹಿಡಿದೆ. ನಮ್ಮದು ಮೂರು ಸೆಲ್‌ಗಳ ಲಿಥಿಯಂ ಪಾಲಿಮರ್ ಬ್ಯಾಟರಿ. ಒಂದೊಂದು ಸೆಲ್ ತುಂಬಿದಾಗ 4.2 ವೋಲ್ಟ್, ಒಟ್ಟು 12.6 ಇರಬೇಕು. ಒಟ್ಟು ಸರಿಯಾಗಿ 12.6 ಇತ್ತು! ಆದರೆ ಒಂದೊಂದೇ ಸೆಲ್ ಅಳೆದರೆ 4.13, 4.14, 4.33. ಎರಡು ಸೆಲ್ ಅರೆಹೊಟ್ಟೆ, ಒಂದಕ್ಕೆ ಅಜೀರ್ಣ. 4.2 ದಾಟಿ ತುಂಬಿಸಿದರೆ ಸೆಲ್ಲಿನೊಳಗಿನ ದ್ರವ ಒಡೆದು ಅನಿಲವಾಗುತ್ತದೆ, ಉಬ್ಬುವುದು ಅದಕ್ಕೇ. ಇನ್ನೂ ಮುಂದುವರಿದರೆ ಒಳಗೇ ಶಾರ್ಟ್ ಆಗಿ ಬೆಂಕಿ ಹತ್ತಬಹುದು. ಸೆಲ್‌ಗಳನ್ನು ಸಮ ಮಾಡುವುದು ಬ್ಯಾಲೆನ್ಸ್ ಚಾರ್ಜರಿನ ಕೆಲಸ. ನನ್ನದರ ಮೇಲೆ ಆ ಹೆಸರಿತ್ತು, ಕೆಲಸ ಇರಲಿಲ್ಲ. ವಾಪಸ್ ಕಳಿಸೋಣವೆಂದರೆ ಏಳು ದಿನದ ಗಡುವು ದಾಟಿತ್ತು.

ಎರಡನೆಯದನ್ನು ಕೊಳ್ಳುವಾಗ ಸ್ಟಾರ್ ನೋಡಲಿಲ್ಲ, ಮೊದಲು ಲೆಕ್ಕ ಹಾಕಿದೆ. ನಮ್ಮದು 2200 ಎಂಎಎಚ್ ಬ್ಯಾಟರಿ. ಅದನ್ನು 2.2 ಆಂಪಿಯರ್‌ನಲ್ಲಿ ಚಾರ್ಜ್ ಮಾಡಿದರೆ ಸುರಕ್ಷಿತ. 2.2 ಅನ್ನು 12.6ರಿಂದ ಗುಣಿಸಿದರೆ ಸುಮಾರು 28 ವ್ಯಾಟ್. ಅಂದರೆ 50 ವ್ಯಾಟ್‌ನ ಚಾರ್ಜರ್ ಧಾರಾಳ ಸಾಕು. ದೊಡ್ಡ ದೊಡ್ಡ ವ್ಯಾಟ್ ಬರೆದವುಗಳ ಹಿಂದೆ ಓಡಬೇಕಾಗಿಲ್ಲ.

ಎರಡನೆಯದು, ಪರದೆ. ಪ್ರತಿ ಸೆಲ್ಲಿನ ವೋಲ್ಟೇಜನ್ನು ಬೇರೆ ಬೇರೆಯಾಗಿ ತೋರಿಸಬೇಕು. ಹಾರಿಸದೆ ಇಡುವಾಗ ಸೆಲ್ಲಿಗೆ 3.8 ವೋಲ್ಟ್ ಆಸುಪಾಸಿನಲ್ಲಿ ನಿಲ್ಲಿಸುವ ‘ಸ್ಟೋರೇಜ್’ ಆಯ್ಕೆಯೂ ಬೇಕು. ನಮ್ಮ ಮಳೆಗಾಲ ಕಳೆಯುವ ತನಕ ಬ್ಯಾಟರಿ ಸುಮ್ಮನೆ ಕೂತಿರುತ್ತದಲ್ಲ!

ಮೂರನೆಯದು, ಕರೆಂಟು. ಎಷ್ಟೋ ಚಾರ್ಜರ್‌ಗಳನ್ನು ಗೋಡೆಯ ಪ್ಲಗ್ಗಿಗೆ ನೇರವಾಗಿ ಹಾಕುವಂತಿಲ್ಲ. 12 ವೋಲ್ಟ್‌ನ ಅಡಾಪ್ಟರ್ ಬೇರೆ ಕೊಳ್ಳಬೇಕು. ಈ ಮಾತು ವಿವರಣೆಯ ತೀರಾ ಕೆಳಗೆ ಸಣ್ಣ ಅಕ್ಷರದಲ್ಲಿರುತ್ತದೆ. ಬೆಲೆ ಹೋಲಿಸುವಾಗ ಅಡಾಪ್ಟರನ್ನೂ ಸೇರಿಸಿ ನೋಡಿ.

ನಾಲ್ಕನೆಯದು, ನಕಲಿ. ಸ್ಕೈಆರ್‌ಸಿ ಕಂಪನಿಯ ಐಮ್ಯಾಕ್ಸ್ ಬಿ6 ಈ ಹವ್ಯಾಸದವರಲ್ಲಿ ಎಷ್ಟು ಜನಪ್ರಿಯವೋ ಅದರ ನಕಲುಗಳೂ ಅಷ್ಟೇ. ಅಸಲಿಯೇ ಎಂದು ತಿಳಿಯಲು ಕಂಪನಿ ಪರಿಶೀಲನಾ ಕೋಡ್ ಇರುವ ಸ್ಟಿಕರ್ ಅಂಟಿಸುತ್ತದೆ. ಬ್ರ್ಯಾಂಡ್ ಯಾವುದೇ ಇರಲಿ, ಮಾರುವವರ ಹೆಸರು, ಜಿಎಸ್‌ಟಿ ಬಿಲ್, ವಾರಂಟಿ ನೋಡಿಕೊಳ್ಳಿ. ಐದು ಸ್ಟಾರಿನ ಹೊಗಳಿಕೆಗಿಂತ ಒಂದು ಸ್ಟಾರಿನ ಬೈಗುಳದಲ್ಲಿ ಮಾಹಿತಿ ಹೆಚ್ಚು.

ಕೊನೆಯದು, ನಾನು ದುಡ್ಡು ಕೊಟ್ಟು ಕಲಿತದ್ದು: ಬಂದ ದಿನವೇ ಪರೀಕ್ಷಿಸಿ. ಪೆಟ್ಟಿಗೆ ತೆರೆಯುವಾಗ ಮೊಬೈಲ್‌ನಲ್ಲಿ ವಿಡಿಯೊ ಮಾಡಿ. ಮೊದಲ ಚಾರ್ಜ್ ಮುಗಿಯುವ ತನಕ ಪಕ್ಕದಲ್ಲೇ ಇದ್ದು, ಆಮೇಲೆ ಪ್ರತಿ ಸೆಲ್ ಅಳೆದು ಪರದೆಯ ಅಂಕಿಯೊಂದಿಗೆ ಹೋಲಿಸಿ. ತಾಳೆಯಾಗದಿದ್ದರೆ ಗಡುವಿನೊಳಗೆ ವಾಪಸ್ ಮಾಡಿ. ಮಾರಿದವರು ಕೈಯೆತ್ತಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಹೊಸ ಚಾರ್ಜರಿಗೆ ಮೊದಲನೆಯದರ ನಾಲ್ಕು ಪಟ್ಟು ದುಡ್ಡು ಬಿತ್ತು. ಹಾಳಾದ ಬ್ಯಾಟರಿಯ ಬೆಲೆ ಸೇರಿಸಿದರೆ ಅಗ್ಗದ್ದೇ ದುಬಾರಿ. ಮೊದಲ ಸಲದ ಅಂಕಿ 4.19, 4.20, 4.20. ಪರೀಕ್ಷೆಯ ಅಂಕ ನೋಡಿಯೂ ಅಷ್ಟು ಖುಷಿಪಟ್ಟವನಲ್ಲ ನಾನು.

ಈಗ ಚಾರ್ಜಿಂಗ್ ಏನಿದ್ದರೂ ಹೊರಗಿನ ಜಗಲಿಯಲ್ಲಿ, ಸಿಮೆಂಟ್ ನೆಲದ ಮೇಲೆ, ಮಣ್ಣಿನ ಮಡಕೆಯೊಳಗೆ. ಅದು ಅಮ್ಮನ ಷರತ್ತು. ಒಳಗಿಂದಲೇ ಕೇಳುತ್ತಾರೆ: “ಹಸ್ರ್ ದೀಪ ಬಂತಾ ಮಗಾ?”

ನಾನು ಪಕ್ಕದಲ್ಲೇ ಕೂತು ಹೇಳುತ್ತೇನೆ: “ದೀಪ ಅಲ್ಲ ಅಮ್ಮ, ನಂಬರ್ ಕಾಣ್ಕ್.”