ಹಳೆಯ ಲಾರಿಯ ಎಂಜಿನ್ ಬಿಸಿಯೇರುವುದೇಕೆ? ಬಿಡಿಭಾಗ ಬದಲಿಸುವ ಮುನ್ನ ಗಮನಿಸಬೇಕಾದ ಸಂಗತಿಗಳು

ಕರ್ನಾಟಕದಿಂದ ಈರುಳ್ಳಿ, ಆಲೂಗಡ್ಡೆ, ತರಕಾರಿಗಳನ್ನು ಹೇರಿಕೊಂಡು ನವಿಮುಂಬಯಿಯ ವಾಶಿ ಮಾರುಕಟ್ಟೆಗೆ ಬಂದಿಳಿಯುವ ಲಾರಿಗಳು ಮರಳುವಾಗ ಬೇರೆ ಸರಕು ತುಂಬಿಕೊಂಡು ಬೋರ್ ಘಾಟನ್ನು ಏರಬೇಕಾಗುತ್ತದೆ. ಖೋಪೋಲಿಯ ತಗ್ಗಿನಿಂದ ಖಂಡಾಲ-ಲೋಣಾವಳದ ಸುಮಾರು 600 ಮೀಟರ್ ಎತ್ತರಕ್ಕೆ ಕೆಲವೇ ಕಿಲೋಮೀಟರುಗಳಲ್ಲಿ ಏರುವ ಈ ದಾರಿ ಹೊಸ ವಾಹನಗಳಿಗೆ ದೊಡ್ಡ ಸವಾಲಲ್ಲ. ಆದರೆ ಹದಿನೈದು ಇಪ್ಪತ್ತು ವರ್ಷ ದುಡಿದ ಟಾಟಾ 1613ರಂತಹ ಲಾರಿಯ ಹೀಟ್ ಗೇಜಿನ ಮುಳ್ಳು ಕೆಂಪು ಗೆರೆಯತ್ತ ಸರಿಯತೊಡಗುವುದು ಇಂತಹ ಏರಿನಲ್ಲಿಯೇ. ಸ್ವಂತ ಲಾರಿಯನ್ನು ತಾನೇ ಓಡಿಸಿ ಸಂಸಾರ ಸಾಗಿಸುವವನಿಗೆ ಆ ಮುಳ್ಳು ಬರಿಯ ಮುಳ್ಳಲ್ಲ. ಸಿಲಿಂಡರ್ ಹೆಡ್ ಬಿರಿದರೆ ವಾರಗಟ್ಟಲೆ ಬಾಡಿಗೆಯಿಲ್ಲ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಎಂಜಿನ್ ಬಿಸಿಯಾಯಿತೆಂದೊಡನೆ ಮೊದಲು ಥರ್ಮೋಸ್ಟಾಟ್ ವಾಲ್ವ್, ಅನಂತರ ವಾಟರ್ ಪಂಪ್, ಆಮೇಲೆ ರೇಡಿಯೇಟರ್ ಎಂದು ಒಂದೊಂದಾಗಿ ಬದಲಿಸುತ್ತ ಹೋಗುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಹಣ ಕರಗುತ್ತದೆ, ದೋಷ ಅಲ್ಲಿಯೇ ಉಳಿಯುತ್ತದೆ. ‘ಯಾವ ಭಾಗ ಕೆಟ್ಟಿದೆ?’ ಎಂದು ಕೇಳುವುದಕ್ಕೆ ಮೊದಲು ‘ಬಿಸಿ ಏರಿದ್ದು ಯಾವಾಗ?’ ಎಂದು ಕೇಳಬೇಕು. ನಿಂತಾಗಲೋ, ಓಡುವಾಗಲೋ, ಏರಿನಲ್ಲೋ, ಬೆಳಗ್ಗೆ ಸ್ಟಾರ್ಟ್ ಮಾಡಿದ ಐದು ನಿಮಿಷದಲ್ಲೋ? ಈ ಪ್ರಶ್ನೆಗೆ ಸರಿಯಾದ ಉತ್ತರ ಹೇಳಬಲ್ಲವನು ಮೇಸ್ತ್ರಿಯಲ್ಲ, ಚಾಲಕನೇ.

ಡೀಸೆಲ್ ಉರಿದು ಹುಟ್ಟುವ ಶಾಖದಲ್ಲಿ, ಸ್ಥೂಲವಾಗಿ ಹೇಳುವುದಾದರೆ, ಮೂರನೆಯ ಒಂದು ಭಾಗ ಮಾತ್ರ ಚಕ್ರ ತಿರುಗಿಸುವ ಕೆಲಸಕ್ಕೆ ಒದಗುತ್ತದೆ. ಹೆಚ್ಚುಕಡಿಮೆ ಅಷ್ಟೇ ಶಾಖ ಹೊಗೆಯ ಜೊತೆ ಹೊರಹೋಗುತ್ತದೆ, ಉಳಿದುದರಲ್ಲಿ ಬಹುಪಾಲನ್ನು ತಂಪು ನೀರು ಹೊತ್ತೊಯ್ಯಬೇಕು. ಎಂಜಿನ್ ತಣ್ಣಗಿರುವಾಗ ಥರ್ಮೋಸ್ಟಾಟ್ ಮುಚ್ಚಿಕೊಂಡು ನೀರನ್ನು ಎಂಜಿನ್ನಿನೊಳಗೇ ಸುತ್ತಿಸುತ್ತದೆ. 80 ಡಿಗ್ರಿ ಸೆಲ್ಸಿಯಸ್ ದಾಟಿದ ಬಳಿಕ ತೆರೆದುಕೊಂಡು ರೇಡಿಯೇಟರಿಗೆ ಕಳುಹಿಸುತ್ತದೆ. ಇಲ್ಲಿ ಎಲ್ಲರೂ ಮರೆಯುವ ಭಾಗವೆಂದರೆ ರೇಡಿಯೇಟರಿನ ಮುಚ್ಚಳ. ಖಂಡಾಲದ ಎತ್ತರದಲ್ಲಿ ತೆರೆದ ನೀರು 98 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳವು ಚದರ ಅಂಗುಲಕ್ಕೆ 7 ಪೌಂಡಿನಷ್ಟು ಒತ್ತಡ ಹಿಡಿದಿಟ್ಟರೆ ಅದೇ ನೀರು ಕುದಿಯಲು ಸುಮಾರು 110 ಡಿಗ್ರಿ ಬೇಕು. ಮುಚ್ಚಳದ ರಬ್ಬರ್ ಒಣಗಿ ಬಿರಿದಿದ್ದರೆ ಆ ಹನ್ನೆರಡು ಡಿಗ್ರಿಯ ರಕ್ಷಣೆ ಪೂರ್ತಿ ಹೋಯಿತು. ಇಡೀ ಲಾರಿಯಲ್ಲಿ ಇಷ್ಟು ಅಗ್ಗವಾದ, ಇಷ್ಟು ಅನಾದರಕ್ಕೆ ಒಳಗಾದ ವಸ್ತು ಮತ್ತೊಂದಿರಲಾರದು.

ಗೇಜ್ ಹೇಳುತ್ತಿರುವುದು ನಿಜವೇ ಎಂಬುದನ್ನೂ ಮೊದಲೇ ಪರೀಕ್ಷಿಸಬೇಕು. ಹಳೆಯ ಲಾರಿಗಳ ಸೆನ್ಸರ್ ಬಿಸಿಯೇರಿದಂತೆ ವಿದ್ಯುತ್ತಿಗೆ ತಡೆ ಕಡಿಮೆ ಮಾಡುವ ಜಾತಿಯದು. ಅದರ ತಂತಿ ಎಲ್ಲಿಯೋ ಸುಲಿದು ಎಂಜಿನ್ನಿನ ಲೋಹಕ್ಕೆ ತಾಗಿದರೆ, ಕೀಲಿ ತಿರುಗಿಸಿದೊಡನೆ, ಎಂಜಿನ್ ತಣ್ಣಗಿದ್ದರೂ ಮುಳ್ಳು ಕೆಂಪಿಗೆ ಏರುತ್ತದೆ. ಸೆನ್ಸರಿನ ತಂತಿಯನ್ನು ಕಳಚಿದಾಗ ಮುಳ್ಳು ಕೆಳಗಿಳಿದರೆ ಗೇಜ್ ಮತ್ತು ತಂತಿ ಸರಿಯಾಗಿವೆ, ಇಳಿಯದಿದ್ದರೆ ದೋಷ ಅಲ್ಲಿದೆ. ಇದಕ್ಕಿಂತ ಅಪಾಯಕಾರಿಯಾದುದು ವಿರುದ್ಧದ ಸುಳ್ಳು: ನೀರು ತೀರಾ ಕಡಿಮೆಯಾದಾಗ ಸೆನ್ಸರ್ ನೀರಿನಲ್ಲಿ ಮುಳುಗಿರದೆ ಬರಿಯ ಆವಿಯಲ್ಲಿ ನಿಲ್ಲುತ್ತದೆ. ಮುಳ್ಳು ಥಟ್ಟನೆ ಕೆಳಗಿಳಿಯುತ್ತದೆ. ‘ತಣ್ಣಗಾಯಿತು’ ಎಂದು ಚಾಲಕ ನೆಮ್ಮದಿಯಿಂದ ಆಕ್ಸಿಲರೇಟರ್ ಒತ್ತುತ್ತಾನೆ. ಹೆಡ್ ಬಿರಿಯುವುದು ಆಗಲೇ. ಇಂದು ದೂರದಿಂದಲೇ ಶಾಖ ಅಳೆಯುವ ಇನ್ಫ್ರಾರೆಡ್ ಥರ್ಮಾಮೀಟರ್ ಗ್ಯಾರೇಜುಗಳಲ್ಲಿ ದೊರೆಯುತ್ತದೆ. ಹೊಳೆಯುವ ಲೋಹದ ಮೇಲೆ ಅದು ತಪ್ಪು ಅಂಕಿ ತೋರುವುದರಿಂದ ಅಳೆಯುವ ಜಾಗಕ್ಕೆ ಕಪ್ಪು ಟೇಪ್ ಅಂಟಿಸಿಕೊಳ್ಳುವುದು ಒಳಿತು.

ಪನ್ವೇಲ್ ಅಥವಾ ಕಳಂಬೋಲಿಯ ವಾಹನದಟ್ಟಣೆಯಲ್ಲಿ ನಿಂತು ನಿಂತು ಸಾಗುವಾಗ ಬಿಸಿಯೇರಿ, ಹೆದ್ದಾರಿಯಲ್ಲಿ ವೇಗ ಹಿಡಿದೊಡನೆ ಇಳಿಯುವುದಾದರೆ ನೀರಿನ ಹರಿವು ಸರಿಯಿದೆ, ಗಾಳಿಯ ಹರಿವು ಸಾಲದು ಎಂದರ್ಥ. ಆಗ ನೋಡಬೇಕಾದುದು ಫ್ಯಾನ್ ಬೆಲ್ಟನ್ನು. ಹೆಬ್ಬೆರಳಿನಿಂದ ಒತ್ತಿದರೆ ಅದು ಅರ್ಧ ಅಂಗುಲದಷ್ಟು ಬಾಗಬೇಕು. ಬಿಗಿಯಾಗಿದ್ದರೂ ಜಾರುವ ಬೆಲ್ಟುಗಳುಂಟು. ಸವೆದು ಪುಲ್ಲಿಯ ಗಾಡಿಯ ತಳಕ್ಕೆ ಕುಳಿತ ಬೆಲ್ಟ್ ತನ್ನ ಪಕ್ಕದಿಂದ ಹಿಡಿಯುವ ಬದಲು ತಳದಲ್ಲಿ ಉಜ್ಜುತ್ತದೆ, ಪುಲ್ಲಿಯ ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದೇ ಸಾಕ್ಷಿ. ಫ್ಯಾನಿನ ಸುತ್ತಲಿನ ತಗಡಿನ ಕವಚವನ್ನು ರಿಪೇರಿಯ ಸಮಯದಲ್ಲಿ ಬಿಚ್ಚಿ ಮರಳಿ ಜೋಡಿಸದೆ ಬಿಡುವ ಪರಿಪಾಠ ಬಹಳವಿದೆ. ಕವಚವಿಲ್ಲದ ಫ್ಯಾನ್ ರೇಡಿಯೇಟರಿನ ಮೂಲಕ ಗಾಳಿ ಸೆಳೆಯುವ ಬದಲು ಅಕ್ಕಪಕ್ಕದ ಬಿಸಿಗಾಳಿಯನ್ನೇ ಸುತ್ತಿಸುತ್ತದೆ. ಫ್ಯಾನನ್ನು ಹಿಂದುಮುಂದಾಗಿ ಜೋಡಿಸಿದ ಪ್ರಸಂಗಗಳೂ ಇಲ್ಲದಿಲ್ಲ. ಟರ್ಬೊ ಎಂಜಿನ್ನುಗಳಲ್ಲಿ ರೇಡಿಯೇಟರಿನ ಮುಂದೆ ಇಂಟರ್‌ಕೂಲರ್ ಇದ್ದರೆ ಅವೆರಡರ ನಡುವಿನ ಸಂದಿಯಲ್ಲಿ ಹುಲ್ಲು, ಹೊಟ್ಟು, ಕೀಟಗಳು ಕಂಬಳಿಯಂತೆ ಕುಳಿತಿರುತ್ತವೆ. ಮುಂದಿನಿಂದ ನೋಡಿದರೆ ಎಲ್ಲವೂ ಸ್ವಚ್ಛ! ತೊಳೆಯುವಾಗ ಎಂಜಿನ್ನಿನ ಕಡೆಯಿಂದ ಹೊರಕ್ಕೆ, ರೆಕ್ಕೆಗಳು ಮಡಚದಷ್ಟು ಮೆಲ್ಲನೆ ನೀರು ಹಾಯಿಸಬೇಕು.

ಇದಕ್ಕೆ ವ್ಯತಿರಿಕ್ತವಾಗಿ, ನಿಂತಾಗ ಸರಿಯಿದ್ದು ಭಾರ ಹೊತ್ತು ವೇಗವಾಗಿ ಓಡುವಾಗ ಬಿಸಿಯೇರಿದರೆ ಅನುಮಾನ ನೀರಿನ ಹರಿವಿನ ಮೇಲೆ ಹೋಗಬೇಕು. ಕೊಳವೆಬಾವಿಯ ಗಡಸು ನೀರನ್ನು ವರ್ಷಗಟ್ಟಲೆ ತುಂಬಿಸಿದ ರೇಡಿಯೇಟರಿನ ನಳಿಗೆಗಳಲ್ಲಿ ಸುಣ್ಣದ ಪೊರೆ ಕಟ್ಟಿರುತ್ತದೆ. ಒಂದು ಮಿಲಿಮೀಟರ್ ದಪ್ಪದ ಈ ಪೊರೆ ಶಾಖವನ್ನು ತಡೆಯುವುದು ಒಂದು ಅಂಗುಲಕ್ಕೆ ಕಡಿಮೆಯಿಲ್ಲದ ಎರಕದ ಕಬ್ಬಿಣದಷ್ಟು. ಎಂಜಿನ್ ಬಿಸಿಯಾಗಿರುವಾಗ ರೇಡಿಯೇಟರಿನ ಮೈಯನ್ನು ಥರ್ಮಾಮೀಟರಿನಿಂದ ಸಾಲುಸಾಲಾಗಿ ಅಳೆದರೆ ಕಟ್ಟಿಕೊಂಡ ನಳಿಗೆಗಳ ಜಾಗ ತಣ್ಣಗೆ ಕಾಣುತ್ತದೆ. ಕೆಳಗಿನ ಹೋಸ್ ಪೈಪನ್ನೂ ಮರೆಯಬಾರದು. ಅದು ಪಂಪಿನ ಸೆಳೆತದ ಕಡೆ ಇರುವುದರಿಂದ, ಒಳಗಿನ ತಂತಿಯ ಸುರುಳಿ ತುಕ್ಕು ಹಿಡಿದು ಮಾಯವಾಗಿದ್ದರೆ, ಎಂಜಿನ್ ವೇಗ ಹೆಚ್ಚಿದಾಗ ಚಪ್ಪಟೆಯಾಗಿ ನೀರಿನ ದಾರಿಯನ್ನೇ ಮುಚ್ಚುತ್ತದೆ. ಗ್ಯಾರೇಜಿನಲ್ಲಿ ಐಡಲ್‌ನಲ್ಲಿ ನೋಡಿದರೆ ದುಂಡಗೇ ಇರುತ್ತದೆ. ಯಾರಾದರೊಬ್ಬರು ಎಂಜಿನ್ನಿನ ವೇಗ ಏರಿಸಿ ಹಿಡಿದಾಗ ಮತ್ತೊಬ್ಬರು ಪೈಪನ್ನೇ ನೋಡುತ್ತಿರಬೇಕು.

ಥರ್ಮೋಸ್ಟಾಟನ್ನು ಕಿತ್ತೆಸೆದರೆ ಎಂಜಿನ್ ತಂಪಾಗಿರುತ್ತದೆ ಎಂಬ ನಂಬಿಕೆಯ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. ಹಲವು ಭಾರಿ ಡೀಸೆಲ್ ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ಎರಡು ಕೆಲಸ ಮಾಡುತ್ತದೆ: ರೇಡಿಯೇಟರಿನ ದಾರಿಯನ್ನು ತೆರೆಯುವಾಗಲೇ ಒಳಗಿನ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ತೆಗೆದರೆ ಬೈಪಾಸ್ ಸದಾ ತೆರೆದೇ ಇರುತ್ತದೆ, ನೀರಿನ ಒಂದು ಪಾಲು ರೇಡಿಯೇಟರನ್ನು ಕಾಣದೆಯೇ ಎಂಜಿನ್ನಿಗೆ ಮರಳುತ್ತದೆ. ಬಯಲಿನಲ್ಲಿ ಅತಿ ತಂಪು, ಘಾಟಿಯಲ್ಲಿ ಅತಿ ಬಿಸಿ ಎಂಬ ವಿಪರೀತ ಸ್ಥಿತಿ ಇದರ ಫಲ. ತಂಪಾಗಿ ಓಡುವ ಎಂಜಿನ್ ಡೀಸೆಲನ್ನೂ ಹೆಚ್ಚು ಕುಡಿಯುತ್ತದೆ, ಲೈನರನ್ನೂ ಬೇಗ ಸವೆಸುತ್ತದೆ. ಅನುಮಾನವಿದ್ದರೆ ಥರ್ಮೋಸ್ಟಾಟನ್ನು ಪಾತ್ರೆಯ ನೀರಿನಲ್ಲಿ ತೂಗುಬಿಟ್ಟು ಒಲೆಯ ಮೇಲೆ ಕಾಯಿಸಿ, ಅದರ ಮೇಲೆ ಮುದ್ರಿಸಿರುವ ಉಷ್ಣಾಂಶದ ಆಸುಪಾಸಿನಲ್ಲಿ ತೆರೆಯುವುದೇ ಎಂದು ನೋಡಿದರಾಯಿತು. ಹತ್ತು ನಿಮಿಷದ ಕೆಲಸ.

ಬೆಳಗಿನ ತಣ್ಣನೆಯ ಎಂಜಿನ್ ಸ್ಟಾರ್ಟ್ ಆದ ಒಂದೆರಡು ನಿಮಿಷದಲ್ಲಿಯೇ ಮೇಲಿನ ಹೋಸ್ ಕಲ್ಲಿನಂತೆ ಬಿಗಿಯಾದರೆ ಅದು ಶಾಖದ ಒತ್ತಡವಲ್ಲ, ಹೆಡ್ ಗ್ಯಾಸ್ಕೆಟ್ ದಾಟಿ ಬಂದ ಉರಿಗಾಳಿಯ ಒತ್ತಡ. ರೇಡಿಯೇಟರಿನ ಬಾಯಿಯಲ್ಲಿ ಗುಳ್ಳೆಗಳು ಏಳುವುದು, ಡಿಪ್‌ಸ್ಟಿಕ್ಕಿನ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣ ತಳೆಯುವುದು ಇದರ ಉಳಿದ ಲಕ್ಷಣಗಳು. ಆದರೆ ಹೆಡ್ ಬಿಚ್ಚಿಸುವ ಮುನ್ನ ಒಂದು ಎಚ್ಚರಿಕೆ ಅಗತ್ಯ. ಏರ್ ಬ್ರೇಕ್ ಇರುವ ಅನೇಕ ಲಾರಿಗಳಲ್ಲಿ ಗಾಳಿಯ ಕಂಪ್ರೆಸರಿಗೂ ಎಂಜಿನ್ನಿನ ನೀರೇ ತಂಪು ನೀಡುತ್ತದೆ. ಆ ಕಂಪ್ರೆಸರಿನ ಪುಟ್ಟ ಗ್ಯಾಸ್ಕೆಟ್ ಹೋದರೂ ರೇಡಿಯೇಟರಿನಲ್ಲಿ ಅದೇ ಗುಳ್ಳೆಗಳು! ಕಂಪ್ರೆಸರಿಗೆ ಹೋಗಿಬರುವ ಎರಡು ನೀರಿನ ಕೊಳವೆಗಳನ್ನು ಕಳಚಿ, ಎಂಜಿನ್ ಕಡೆಯ ಬಾಯಿಗಳನ್ನು ಮುಚ್ಚಿ, ತಣ್ಣಗಿನ ಎಂಜಿನ್ನನ್ನು ಒಂದೆರಡು ನಿಮಿಷ ಮಾತ್ರ ಓಡಿಸಿ ನೋಡಬೇಕು. ಗುಳ್ಳೆ ನಿಂತರೆ ಹೆಡ್ ಬಿಚ್ಚುವ ದೊಡ್ಡ ಖರ್ಚು ಉಳಿಯಿತು.

ತಂಪು ವ್ಯವಸ್ಥೆಯೆಲ್ಲ ಸರಿಯಿದ್ದೂ ಬಿಸಿಯೇರುವ ಲಾರಿಗಳಿವೆ. ಹಿಡಿದುಕೊಂಡ ಬ್ರೇಕ್, ಜಾರುವ ಕ್ಲಚ್, ಅರ್ಧ ಮುಚ್ಚಿಕೊಂಡ ಎಕ್ಸಾಸ್ಟ್ ಬ್ರೇಕ್, ತಡವಾಗಿ ಡೀಸೆಲ್ ಚಿಮ್ಮಿಸುವ ಪಂಪ್ ಟೈಮಿಂಗ್, ಇವುಗಳೆಲ್ಲ ಎಂಜಿನ್ನಿನ ಮೇಲೆ ವೃಥಾ ಹೊರೆ ಹೇರುತ್ತವೆ ಇಲ್ಲವೆ ಶಾಖವನ್ನು ಹೆಚ್ಚಿಸುತ್ತವೆ. ಮಿತಿಮೀರಿ ಹೇರಿದ ಸರಕಿನ ಮಾತನ್ನು ಬೇರೆ ಹೇಳಬೇಕಾಗಿಲ್ಲ.

ಘಾಟಿಯಲ್ಲಿ ಮುಳ್ಳು ಏರತೊಡಗಿದಾಗ ಮೇಲಿನ ಗೇರಿನಲ್ಲಿ ಎಂಜಿನ್ನನ್ನು ಏದುಸಿರುಬಿಡಿಸುವುದು ತಪ್ಪು. ಒಂದು ಗೇರ್ ಇಳಿಸಿದರೆ ಎಂಜಿನ್ನಿನ ಸುತ್ತು ಹೆಚ್ಚಿ, ಅದರೊಡನೆ ಫ್ಯಾನೂ ಪಂಪೂ ವೇಗವಾಗಿ ತಿರುಗುತ್ತವೆ, ಆಕ್ಸಿಲರೇಟರಿನ ಒತ್ತು ಸಡಿಲವಾಗುತ್ತದೆ. ಆದರೂ ಕೆಂಪು ಮುಟ್ಟಿದರೆ ಲಾರಿಯನ್ನು ಬದಿಗೆ ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಲ್ಲಿಡಬೇಕು. ನೀರು ಸೋರಿಲ್ಲ, ಬೆಲ್ಟ್ ತುಂಡಾಗಿಲ್ಲ ಎಂದು ಖಾತ್ರಿಯಿದ್ದರೆ ಎಂಜಿನ್ನನ್ನು ಐಡಲಿಗಿಂತ ತುಸು ಮೇಲೆ ಕೆಲವು ನಿಮಿಷ ಓಡಗೊಡಬೇಕು. ಥಟ್ಟನೆ ಬಂದ್ ಮಾಡಿದರೆ ಹೆಡ್ಡಿನಲ್ಲಿ ನಿಂತ ನೀರು ಅಲ್ಲಿಯೇ ಕುದಿಯುತ್ತದೆ. ಸೋರಿದ್ದರೆ ಅಥವಾ ಬೆಲ್ಟ್ ಹೋಗಿದ್ದರೆ ತಕ್ಷಣ ಬಂದ್ ಮಾಡಬೇಕು. ಮುಚ್ಚಳಕ್ಕೆ ಮಾತ್ರ ಕೈಹಚ್ಚಕೂಡದು. ಒತ್ತಡದಲ್ಲಿ 110 ಡಿಗ್ರಿಯಲ್ಲಿದ್ದ ನೀರು ಮುಚ್ಚಳ ತೆರೆದ ಕ್ಷಣದಲ್ಲಿ ಆವಿಯಾಗಿ ಸಿಡಿದು ಮುಖ, ಎದೆ, ಕೈಗಳನ್ನು ಸುಡುತ್ತದೆ. ಇದಕ್ಕೆ ಬಲಿಯಾಗುವವನು ಬಹುತೇಕ ನೀರು ಹಾಕಲು ಓಡಿಬರುವ ಕ್ಲೀನರ್ ಹುಡುಗನೇ. ಮೇಲಿನ ಹೋಸನ್ನು ಧಾರಾಳವಾಗಿ ಕೈಯಲ್ಲಿ ಹಿಡಿಯುವಷ್ಟು ತಣಿದ ಮೇಲೆಯೇ ದಪ್ಪ ಬಟ್ಟೆ ಹಾಕಿ ಮುಚ್ಚಳವನ್ನು ಮೊದಲ ಹಂತದವರೆಗೆ ಮಾತ್ರ ತಿರುಗಿಸಿ ಉಳಿದ ಒತ್ತಡವನ್ನು ಹೊರಬಿಡಬೇಕು. ಅನಂತರ ಎಂಜಿನ್ನನ್ನು ಓಡಿಸುತ್ತ ನೀರನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಬೇಕು. ಕಾದ ಎರಕದ ಕಬ್ಬಿಣಕ್ಕೆ ಒಮ್ಮೆಲೇ ತಣ್ಣೀರು ಸುರಿದರೆ ಅಷ್ಟು ಹೊತ್ತು ಕಾಪಾಡಿದ ಹೆಡ್ ಅಲ್ಲಿಯೇ ಬಿರಿಯುವುದುಂಟು.